ಕೆಟ್ಟರೆ ಕೆಂಪಾಗಬೇಕು

ಸತ್ತವನ ಸಾವಿಗೆ ಯಾರು ಹೊಣೆ? ಈ ಪ್ರಶ್ನೆಗೆ ನಮ್ಮಲ್ಲಿ ಎರಡು ಸಿದ್ಧ ಉತ್ತರಗಳಿವೆ. ಹಳ್ಳಿಯಲ್ಲಿ ಕೇಳಿದರೆ 'ಅವನ ಹಣೇಲಿ ಬರೆದಿತ್ತು' ಅಂತಾರೆ. ಪಟ್ಟಣದ ಆಫೀಸಿನಲ್ಲಿ ಕೇಳಿದರೆ 'ಮಾನವ ದೋಷ' ಅಂತಾರೆ. ಮೊದಲನೆಯದು ಪುರೋಹಿತನ ಭಾಷೆ. ಎರಡನೆಯದು ಅಧಿಕಾರಿಯ ಭಾಷೆ. ಪುರೋಹಿತನ ಭಾಷೆ ಸತ್ತವನ ಮೇಲೆಯೇ ತಪ್ಪು ಹೊರಿಸುತ್ತದೆ. ಹಿಂದಿನ ಜನ್ಮದ ಲೆಕ್ಕ ತೆಗೆದು ತೋರಿಸುತ್ತದೆ. ಅಧಿಕಾರಿಯ ಭಾಷೆ ಆ ಹೊತ್ತಿಗೆ ಕೆಲಸದ ಮೇಲಿದ್ದ ಕಟ್ಟಕಡೆಯ ನೌಕರನ ಮೇಲೆ ಹೊರಿಸುತ್ತದೆ. ಅವನನ್ನು ಸಸ್ಪೆಂಡು ಮಾಡಿ ಫೈಲು ಮುಚ್ಚುತ್ತದೆ. ಎರಡರಲ್ಲೂ ಮೇಲೆ ಕೂತವನ ಬಿಳಿ ಪಂಚೆಗೆ ಕೆಸರು ಸಿಡಿಯುವುದಿಲ್ಲ.

ಈ ಎರಡು ಉತ್ತರಗಳನ್ನೂ ಒಪ್ಪದೆ, ನೂರೈವತ್ತು ವರ್ಷಕ್ಕೂ ಹೆಚ್ಚು ಕಾಲದಿಂದ ಇದೇ ಪ್ರಶ್ನೆಯ ಜೊತೆ ಗುದ್ದಾಡಿಕೊಂಡು ಬಂದಿರುವ ಕಸುಬೊಂದಿದೆ. ಅದು ರೈಲ್ವೆ ಸಿಗ್ನಲ್ ಕಸುಬು. ಪದ್ಯ ಬರೆಯೋ ನಿನಗೆ ಸಿಗ್ನಲ್ಲಿನ ಉಸಾಬರಿ ಯಾಕಪ್ಪಾ ಅಂತ ಯಾರಾದರೂ ಕೇಳಬಹುದು. ಜಲ್ಲಿ ಒಡೆದವರು, ಸ್ಲೀಪರ್ ಹೊತ್ತವರು, ಬಿಸಿಲಲ್ಲಿ ಹಳಿ ಬಗ್ಗಿಸಿದವರು, ಹಳಿಯ ಮೇಲೆ ಬಿದ್ದ ಹೇಲು ಬಳಿದವರು ನಮ್ಮ ಜನ. ಕೇರಿಯಿಂದ ರೈಲ್ವೆಗೆ ಹೋದವರು ಬಹುಪಾಲು ಗ್ಯಾಂಗಿಗೇ ಹೋದರು. ಹಳಿ ನಮ್ಮದಾಗಿರುವಾಗ ಅದರ ದೀಪದ ವಿಚಾರವೂ ನಮ್ಮದೇ. ಅದಕ್ಕಿಂತ ಮುಖ್ಯವಾಗಿ, ಆ ದೀಪ ಕೆಲಸ ಮಾಡುವ ರೀತಿಯಲ್ಲಿ ಒಂದು ನೀತಿ ಅಡಗಿದೆ. ಅದನ್ನು ತೆಗೆದುಕೊಂಡು ನಮ್ಮ ಊರನ್ನೂ ನಮ್ಮ ದೇಶವನ್ನೂ ಅಳೆದು ನೋಡಬೇಕು ಅನ್ನುವುದು ನನ್ನ ಉದ್ದೇಶ.

ಮೊದಲು ಆ ದೀಪದ ಮರ್ಮ ತಿಳಿಯೋಣ. 1872ರಲ್ಲಿ ಅಮೆರಿಕದ ವಿಲಿಯಂ ರಾಬಿನ್‌ಸನ್ ಎಂಬಾತ ಟ್ರ್ಯಾಕ್ ಸರ್ಕ್ಯೂಟ್ ಅನ್ನುವುದಕ್ಕೆ ಪೇಟೆಂಟ್ ಪಡೆದ. ಹಳಿಯ ಒಂದು ತುದಿಯಲ್ಲಿ ಬ್ಯಾಟರಿ, ಇನ್ನೊಂದು ತುದಿಯಲ್ಲಿ ರಿಲೇ. ಬ್ಯಾಟರಿಯ ವಿದ್ಯುತ್ತು ಎರಡು ಹಳಿಗಳಲ್ಲಿ ಹರಿದು ಬಂದು ರಿಲೇಯನ್ನು ಎತ್ತಿ ಹಿಡಿದಿರುತ್ತದೆ. ಎತ್ತಿ ಹಿಡಿದಿರುವ ತನಕ ಮಾತ್ರ ಹಸಿರು. ರೈಲು ಬಂತು ಅಂದರೆ ಅದರ ಗಾಲಿ, ಅಚ್ಚುಗಳು ಎರಡೂ ಹಳಿಗಳನ್ನು ಜೋಡಿಸಿಬಿಡುತ್ತವೆ. ವಿದ್ಯುತ್ತು ಅಲ್ಲೇ ತಿರುಗಿಕೊಳ್ಳುತ್ತದೆ, ರಿಲೇ ಕೆಳಕ್ಕೆ ಬೀಳುತ್ತದೆ, ಹಿಂದಿನ ಸಿಗ್ನಲ್ ಕೆಂಪಾಗುತ್ತದೆ. ಇಷ್ಟೇ ಆಗಿದ್ದರೆ ಅದೊಂದು ಜಾಣತನದ ಸಲಕರಣೆ ಅಂತ ಸುಮ್ಮನಾಗಬಹುದಿತ್ತು. ಆದರೆ ನೋಡಿ: ಬ್ಯಾಟರಿ ಸತ್ತರೂ ರಿಲೇ ಬೀಳುತ್ತದೆ. ತಂತಿ ಕಡಿದರೂ ಬೀಳುತ್ತದೆ. ಹಳಿ ಪೂರಾ ಮುರಿದು ವಿದ್ಯುತ್ತಿನ ದಾರಿ ತಪ್ಪಿದರೂ ಬೀಳುತ್ತದೆ. ಭೂಮಿಯ ಸೆಳೆತ ಯಾವತ್ತೂ ರಜಾ ಹಾಕುವುದಿಲ್ಲ ಅನ್ನುವುದನ್ನು ನಂಬಿ ಕಟ್ಟಿದ್ದು ಅದು. ಹಸಿರು ಅನ್ನುವುದು ಪ್ರತಿ ಗಳಿಗೆಯೂ ಸಂಪಾದಿಸಬೇಕಾದ ಬಣ್ಣ. ಕೆಂಪು ಮಾತ್ರ ತಾನಾಗಿ ಸಿಗುವ ಬಣ್ಣ. ಇದನ್ನೇ ಆ ಕಸುಬಿನವರು ಫೇಲ್ ಸೇಫ್ ಅನ್ನುತ್ತಾರೆ. ನಮ್ಮ ಮಾತಿನಲ್ಲಿ ಹೇಳುವುದಾದರೆ, ಕೆಟ್ಟರೆ ಕೆಂಪಾಗಬೇಕು.

ಎರಡನೆಯ ಮಾತು ಇಂಟರ್‌ಲಾಕಿಂಗ್. 1856ರಲ್ಲಿ ಇಂಗ್ಲೆಂಡಿನ ಜಾನ್ ಸಾಕ್ಸ್‌ಬಿ ಇದಕ್ಕೆ ಪೇಟೆಂಟ್ ತೆಗೆದ. ಕ್ಯಾಬಿನ್ನಿನಲ್ಲಿ ಪಾಯಿಂಟು ತಿರುಗಿಸುವ ಲಿವರುಗಳೂ ಸಿಗ್ನಲ್ ಎಳೆಯುವ ಲಿವರುಗಳೂ ಒಂದಕ್ಕೊಂದು ಬೀಗ ಹಾಕಿಕೊಂಡಿರುತ್ತವೆ. ಪಾಯಿಂಟು ಸರಿಯಾದ ದಾರಿಗೆ ತಿರುಗಿ ಕೂರದ ಹೊರತು ಸಿಗ್ನಲ್ಲಿನ ಲಿವರು ಅಲುಗುವುದಿಲ್ಲ. ಕ್ಯಾಬಿನ್ನಿನವನು ಕುಡಿದಿರಲಿ, ನಿದ್ದೆಗಣ್ಣಲ್ಲಿರಲಿ, ಹೆಂಡತಿಗೆ ಹೆರಿಗೆ ನೋವು ಅಂತ ಮನಸ್ಸು ಎಲ್ಲೋ ಇರಲಿ, ಅವನ ಕೈ ತಪ್ಪು ಲಿವರಿಗೆ ಹೋದರೆ ಕಬ್ಬಿಣವೇ 'ಇಲ್ಲ' ಅನ್ನುತ್ತದೆ.

ಇದು ಸುಮ್ಮನೆ ಬಂದದ್ದಲ್ಲ. 1889ರ ಜೂನ್ 12ರಂದು ಐರ್ಲೆಂಡಿನ ಆರ್ಮಾ ಊರಿನ ಹತ್ತಿರ ಸಂಡೇ ಸ್ಕೂಲಿನ ಮಕ್ಕಳು, ಅವರ ಮನೆಯವರು ತುಂಬಿದ್ದ ಪ್ರವಾಸದ ರೈಲಿನ ಡಬ್ಬಿಗಳು ಏರಿನಿಂದ ಹಿಂದಕ್ಕೆ ಉರುಳಿ ಸುಮಾರು 80 ಜನ ಸತ್ತರು. ಅದೇ ವರ್ಷ ಬ್ರಿಟಿಷ್ ಪಾರ್ಲಿಮೆಂಟು ಕಾನೂನು ಮಾಡಿ ಬ್ಲಾಕ್ ಪದ್ಧತಿ, ಇಂಟರ್‌ಲಾಕಿಂಗ್, ಎಲ್ಲ ಡಬ್ಬಿಗಳಿಗೂ ತಾನಾಗಿ ಹಿಡಿಯುವ ಬ್ರೇಕು ಇವನ್ನು ಕಡ್ಡಾಯ ಮಾಡಿತು. ಇಂಟರ್‌ಲಾಕಿಂಗ್ ಬಂದು ಮೂವತ್ತು ವರ್ಷ ದಾಟಿತ್ತು. ಕಂಪನಿಗಳಿಗೆ ಅದರ ಖರ್ಚು ಭಾರ ಅನಿಸಿತ್ತು. ಮಕ್ಕಳ ಹೆಣ ಬಿದ್ದ ಮೇಲೆ ಹಗುರವಾಯಿತು. ಸುರಕ್ಷತೆಯ ನಿಯಮ ಪುಸ್ತಕದ ಒಂದೊಂದು ಸಾಲಿನ ಕೆಳಗೂ ಯಾರದೋ ರಕ್ತ ಇದೆ.

ಈಗ ನೀತಿಯ ಮಾತಿಗೆ ಬರೋಣ. ಈ ಕಸುಬು ಮನುಷ್ಯನ ಬಗ್ಗೆ ಒಂದು ತೀರ್ಮಾನ ಮಾಡಿಕೊಂಡಿದೆ: ಎಲ್ಲರೂ ತಪ್ಪು ಮಾಡುತ್ತಾರೆ. ಪಾಯಿಂಟ್ಸ್‌ಮನ್ ತಪ್ಪು ಮಾಡುತ್ತಾನೆ, ಸ್ಟೇಷನ್ ಮಾಸ್ತರ್ ತಪ್ಪು ಮಾಡುತ್ತಾನೆ, ನಕ್ಷೆ ಬರೆದ ಚೀಫ್ ಇಂಜಿನಿಯರೂ ತಪ್ಪು ಮಾಡುತ್ತಾನೆ. ಆದ್ದರಿಂದ ಒಬ್ಬ ಕಟ್ಟಿದ ತಂತಿಯನ್ನು ಇನ್ನೊಬ್ಬ ಎಣಿಸಬೇಕು, ಒಬ್ಬ ಬರೆದ ನಕ್ಷೆಯನ್ನು ಇನ್ನೊಬ್ಬ ಪರೀಕ್ಷಿಸಬೇಕು. 'ನಾನು ಹೇಳ್ತೀನಿ, ಸಾಕು' ಅನ್ನುವ ಮಾತಿಗೆ ಅಲ್ಲಿ ಬೆಲೆಯಿಲ್ಲ. ನಮ್ಮ ಸಮಾಜ ಇದಕ್ಕೆ ತದ್ವಿರುದ್ಧ ನಂಬಿಕೆಯ ಮೇಲೆ ನಿಂತಿದೆ. ಇಲ್ಲಿ ಕೆಲವರು ಹುಟ್ಟಿನಿಂದಲೇ ತಪ್ಪು ಮಾಡದವರು, ಕೆಲವರು ಹುಟ್ಟಿದ್ದೇ ತಪ್ಪು. ಮೇಲಿನವನ ಮಾತನ್ನು ಪರೀಕ್ಷಿಸುವುದು ಅಧಿಕಪ್ರಸಂಗ. ಕೆಳಗಿನವನ ಮಾತನ್ನು ನಂಬುವುದು ಮೂರ್ಖತನ. ಜಾತಿ ಅನ್ನುವುದು ತಪ್ಪಿನ ಹಂಚಿಕೆಯ ವ್ಯವಸ್ಥೆಯೂ ಹೌದು.

ನಲವತ್ತು ವರ್ಷ ಈ ಕಸುಬಿನಲ್ಲಿ ಸವೆದ ಒಬ್ಬ ಇಂಜಿನಿಯರನನ್ನು ಊಹಿಸಿಕೊಳ್ಳಿ. ಹುಡುಗನಾಗಿ ಸೇರಿ, ರಿಲೇ ಕೋಣೆಯಲ್ಲಿ ತಂತಿ ಕಟ್ಟುವುದು ಕಲಿತು, ಆಮೇಲೆ ನಕ್ಷೆ ಮಾಡಿ, ಪರೀಕ್ಷಕನಾಗಿ, ನಿವೃತ್ತಿಯಾದ ಮೇಲೆ ಸುರಕ್ಷತಾ ಸಲಹೆಗಾರ ಅಂತ ಬೋರ್ಡು ಹಾಕಿಕೊಳ್ಳುತ್ತಾನೆ. ಅವನ ಜೀವಮಾನದ ಸಾಧನೆ ಏನು ಅಂತ ಕೇಳಿದರೆ, ಏನೂ ಆಗಲಿಲ್ಲ ಅನ್ನುವುದೇ ಸಾಧನೆ. ಅವನಿಂದಾಗಿ ಬದುಕಿದವರಿಗೆ ತಾವು ಬದುಕಿದ್ದು ಅವನಿಂದ ಅಂತ ಗೊತ್ತೇ ಇಲ್ಲ. ಅವನಿಗೆ ಹಾರ ಇಲ್ಲ, ಮೆರವಣಿಗೆ ಇಲ್ಲ. ನಮ್ಮಲ್ಲಿ ಹಾರ ಬೀಳುವುದು ಹೆಣ ಬಿದ್ದ ಮೇಲೆ ಚೆಕ್ಕು ಹಿಡಿದುಕೊಂಡು ಬರುವ ಮಂತ್ರಿಗೆ. ದಾನಕ್ಕೆ ಕೀರ್ತಿ ಇದೆ. ದಾನ ಬೇಡದ ಹಾಗೆ ಮಾಡುವವನಿಗೆ ಕೀರ್ತಿ ಇಲ್ಲ.

ಇಲ್ಲಿಂದ ನಾನು ಕಲಿತ ಮೊದಲ ಪಾಠ ಇದು: ಒಳ್ಳೆಯತನ ಬೇರೆ, ಏರ್ಪಾಡು ಬೇರೆ. 'ನಮ್ಮ ಗೌಡರು ಒಳ್ಳೇರು, ಯಾವತ್ತೂ ಜಾತಿ ನೋಡಿದವರಲ್ಲ' ಅಂತ ನಮ್ಮ ಹಿರಿಯರೇ ಹೇಳುವುದನ್ನು ಕೇಳಿದ್ದೇವೆ. ಇರಬಹುದು. ಆದರೆ ಗೌಡ ಒಳ್ಳೆಯವನಾಗಿದ್ದಾಗ ಮಾತ್ರ ನಾನು ಉಳಿಯುವುದಾದರೆ ನಾನು ಉಳಿದಿರುವುದು ಅವನ ದಯೆಯಿಂದ. ಅವನು ಸತ್ತು ಮಗ ಬಂದರೆ? ಅವನೇ ಒಂದು ದಿನ ಕೆರಳಿದರೆ? ಗಾಂಧೀಜಿಗೂ ಬಾಬಾಸಾಹೇಬರಿಗೂ ನಡೆದ ಜಗಳದ ಒಂದು ಬೇರು ಇಲ್ಲೇ ಇದೆ. ಒಬ್ಬರು ಮೇಲ್ಜಾತಿಯವರ ಹೃದಯ ಪರಿವರ್ತನೆಯನ್ನು ನೆಚ್ಚಿದರು. ಇನ್ನೊಬ್ಬರು, ಹೃದಯ ಬದಲಾಗುವ ತನಕ ನಮ್ಮ ಜನ ಕಾಯಲಾರರು, ರಕ್ಷಣೆಯನ್ನು ಕಾನೂನಿನಲ್ಲಿ, ಪ್ರಾತಿನಿಧ್ಯದಲ್ಲಿ ಬಿಗಿಯಬೇಕು ಅಂದರು. ಸಿಗ್ನಲ್ ಕಸುಬಿನವನು ಈ ಜಗಳದಲ್ಲಿ ಯಾರ ಪಕ್ಕ ನಿಲ್ಲುತ್ತಾನೆ ಅಂತ ನನಗೆ ಸಂಶಯವಿಲ್ಲ.

ಹಾಗಾದರೆ ಏರ್ಪಾಡು ಮಾಡಿಟ್ಟರೆ ಮುಗಿಯಿತೆ? ಆಮೇಲೆ ಆತ್ಮಸಾಕ್ಷಿಗೆ ಕೆಲಸವಿಲ್ಲವೆ? ಇದಕ್ಕೆ ಉತ್ತರ ಲಂಡನ್ನಿನ ಕ್ಲಾಪಮ್ ಜಂಕ್ಷನ್ನಿನಲ್ಲಿ ಸಿಗುತ್ತದೆ.

1988ರ ಡಿಸೆಂಬರ್ 12, ಸೋಮವಾರ ಬೆಳಿಗ್ಗೆ. ಕೆಲಸಕ್ಕೆ ಹೋಗುವವರು ತುಂಬಿದ್ದ ಒಂದು ರೈಲು ಮುಂದೆ ನಿಂತಿದ್ದ ಇನ್ನೊಂದು ರೈಲಿನ ಬೆನ್ನಿಗೆ ಗುದ್ದಿತು. ಎದುರಿನಿಂದ ಬಂದ ಖಾಲಿ ರೈಲೊಂದು ಆ ಮುರಿದ ಡಬ್ಬಿಗಳಿಗೆ ಬಡಿಯಿತು. 35 ಜನ ಸತ್ತರು. ಸುಮಾರು 500 ಜನಕ್ಕೆ ಗಾಯ. ಮುಂದೆ ರೈಲು ನಿಂತಿದ್ದರೂ ಹಿಂದಿನ ಸಿಗ್ನಲ್ ಕೆಂಪಾಗಿರಲಿಲ್ಲ. ಕಾರಣ ಒಂದು ಹಳೆಯ ತಂತಿ. ಸಿಗ್ನಲ್ಲುಗಳನ್ನು ಹೊಸದು ಮಾಡುವ ಕೆಲಸ ನಡೆದಿತ್ತು. ಎರಡು ವಾರದ ಹಿಂದೆ ಹೊಸ ತಂತಿ ಹಾಕಿದ ಟೆಕ್ನಿಷಿಯನ್ ಹಳೆಯದನ್ನು ಒಂದು ತುದಿಯಲ್ಲಿ ಬಿಚ್ಚಿ ಪಕ್ಕಕ್ಕೆ ತಳ್ಳಿದ್ದ. ಕತ್ತರಿಸಿರಲಿಲ್ಲ, ತುದಿಗೆ ಹೊಸ ಟೇಪು ಸುತ್ತಿರಲಿಲ್ಲ. ಹಿಂದಿನ ದಿನ ಅದೇ ಕೋಣೆಯಲ್ಲಿ ಬೇರೆ ಕೆಲಸ ನಡೆದು ಆ ತಂತಿ ಅಲುಗಿ ಹಳೆಯ ಜಾಗಕ್ಕೇ ಹೋಗಿ ತಾಗಿತು. ರಿಲೇಗೆ ಕಳ್ಳ ವಿದ್ಯುತ್ತು ಸಿಕ್ಕಿತು. ಬೀಳಬೇಕಾದದ್ದು ಬೀಳಲಿಲ್ಲ. ಇಂಥದ್ದನ್ನು ಆ ಕಸುಬಿನವರು ರಾಂಗ್ ಸೈಡ್ ಫೇಲ್ಯೂರ್ ಅನ್ನುತ್ತಾರೆ. ಕೆಟ್ಟಿತು, ಆದರೆ ಕೊಲ್ಲುವ ಕಡೆಗೆ ಕೆಟ್ಟಿತು.

ಟೆಕ್ನಿಷಿಯನ್ನನದು ತಪ್ಪು. ಅದರಲ್ಲಿ ಮುಚ್ಚುಮರೆ ಇಲ್ಲ. ಮಾನವ ದೋಷ ಅಂತ ಬರೆದು ಅವನನ್ನು ನೇಣಿಗೆ ಹಾಕಿ ಮುಗಿಸಬಹುದಿತ್ತು. ಆದರೆ ಆಂಥೊನಿ ಹಿಡನ್ ಎಂಬ ವಕೀಲರ ನೇತೃತ್ವದ ವಿಚಾರಣೆ ಅಲ್ಲಿಗೆ ನಿಲ್ಲಲಿಲ್ಲ. ಆ ಮನುಷ್ಯ ಹಿಂದಿನ 13 ವಾರಗಳಲ್ಲಿ ಒಂದೇ ಒಂದು ದಿನ ರಜಾ ತೆಗೆದುಕೊಂಡಿದ್ದ. ವರ್ಷಗಳಿಂದ ಅವನು ತಂತಿಯನ್ನು ಹೀಗೆಯೇ ಬಿಡುತ್ತಿದ್ದ, ಯಾರೂ ತಿದ್ದಿರಲಿಲ್ಲ. ಅವನ ಮೇಲ್ವಿಚಾರಕ ಬೇರೆ ಕೆಲಸದಲ್ಲಿದ್ದ. ಬೇರೊಬ್ಬ ಬಂದು ತಂತಿಗಳನ್ನು ಎಣಿಸಬೇಕಾಗಿತ್ತು. ಎಣಿಸಿದ್ದರೆ ಆ ಒಂದು ತಂತಿ ಸಿಕ್ಕಿಬೀಳುತ್ತಿತ್ತು. ಎಣಿಸುವುದು ತನ್ನ ಕೆಲಸ ಅಂತ ಯಾರಿಗೂ ಸರಿಯಾಗಿ ಹೇಳಿರಲಿಲ್ಲ. 1989ರಲ್ಲಿ ಬಂದ ವರದಿ ತಂತಿಯಿಂದ ಶುರುವಾಗಿ ಮೆಟ್ಟಿಲು ಮೆಟ್ಟಿಲಾಗಿ ಮೇಲಕ್ಕೆ ಹತ್ತಿತು. 1991ರಲ್ಲಿ ನ್ಯಾಯಾಲಯ ಬ್ರಿಟಿಷ್ ರೈಲಿಗೆ ಎರಡೂವರೆ ಲಕ್ಷ ಪೌಂಡ್ ದಂಡ ಹಾಕಿತು. ಸುರಕ್ಷತೆಗೆ ಸಂಬಂಧಪಟ್ಟ ಕೆಲಸಗಾರ ಒಂದು ಪಾಳಿಗೆ 12 ಗಂಟೆ, ವಾರಕ್ಕೆ 72 ಗಂಟೆಗಿಂತ ಹೆಚ್ಚು ದುಡಿಯಬಾರದು ಅನ್ನುವ ಮಿತಿಗಳು ಅಲ್ಲಿನ ರೈಲ್ವೆಗೆ ಹಿಡನ್ ಹೆಸರಿನಲ್ಲೇ ಬಂದವು.

ಗೆಳೆಯರೆ, ಇದನ್ನು ಸ್ವಲ್ಪ ನಿಧಾನಿಸಿ ನೋಡಬೇಕು. ಬಡವ ಮಾಡಿದ ತಪ್ಪು ತಪ್ಪೇ ಅಲ್ಲ ಅನ್ನುವುದು ನನ್ನ ವಾದವಲ್ಲ. ಹಾಗೆ ಹೇಳಿದರೆ ಅವನನ್ನು ಮನುಷ್ಯ ಅಂತಲೇ ಲೆಕ್ಕಕ್ಕೆ ತೆಗೆದುಕೊಂಡ ಹಾಗಾಗಲಿಲ್ಲ. ಹೊಣೆ ಹೊರುವ ಯೋಗ್ಯತೆಯೂ ಮನುಷ್ಯತ್ವದ ಭಾಗವೇ. ನನ್ನ ವಾದ ಇಷ್ಟು: ತಪ್ಪು ಒಂದು ಕೈಯಲ್ಲಿ ಕಾಣಿಸಿಕೊಳ್ಳುತ್ತದೆ, ಆದರೆ ಹಲವು ಕೈಗಳಲ್ಲಿ ಹುಟ್ಟುತ್ತದೆ. ತಡೆಯುವ ಅಧಿಕಾರ ಯಾರಿಗೆ ಎಷ್ಟಿತ್ತೋ ಅವರ ಹೊಣೆ ಅಷ್ಟು. ರಜಾ ಕೊಡುವ ಅಧಿಕಾರ ಟೆಕ್ನಿಷಿಯನ್ನನಿಗೆ ಇರಲಿಲ್ಲ. ಇದ್ದವನು ಕೊಡಲಿಲ್ಲ. ದಣಿದ ಕೈ ತಪ್ಪು ಮಾಡುತ್ತದೆ ಅನ್ನುವುದು ನೀತಿಶಾಸ್ತ್ರದ ಸಮಸ್ಯೆಯಲ್ಲ, ಕೂಲಿಯ ಸಮಸ್ಯೆ. ವೈಸರಾಯ್ ಕೌನ್ಸಿಲ್ಲಿನಲ್ಲಿ ಕಾರ್ಮಿಕ ಸದಸ್ಯರಾಗಿದ್ದ ಬಾಬಾಸಾಹೇಬರು ಫ್ಯಾಕ್ಟರಿ ದುಡಿಮೆಯ ಮಿತಿಯನ್ನು ವಾರಕ್ಕೆ 54 ಗಂಟೆಯಿಂದ 48ಕ್ಕೆ ಇಳಿಸುವ ತಿದ್ದುಪಡಿಯನ್ನು 1946ರಲ್ಲಿ ತಂದರು. ಅದನ್ನು ನಾವು ಕಾರ್ಮಿಕರ ಸವಲತ್ತು ಅಂತ ಪಾಠ ಮಾಡುತ್ತೇವೆ. ಅದು ಸುರಕ್ಷತೆಯ ಕಾನೂನೂ ಹೌದು.

ಬುದ್ಧ ಹೇಳಿದ ಪ್ರತೀತ್ಯ ಸಮುತ್ಪಾದವನ್ನು ನಮ್ಮ ಪಂಡಿತರು ಬಿಡಿಸಲಾರದ ಕಗ್ಗಂಟು ಮಾಡಿಟ್ಟಿದ್ದಾರೆ. ನನಗೆ ಅದು ಅರ್ಥವಾದದ್ದು ಇಂಥ ವರದಿಯ ದಾರಿಯಲ್ಲಿ. ಯಾವುದೂ ತಾನೇ ತಾನಾಗಿ ಆಗುವುದಿಲ್ಲ. ಇದು ಆದದ್ದರಿಂದ ಅದು ಆಯಿತು, ಇದನ್ನು ತೆಗೆದರೆ ಅದು ಆಗುವುದಿಲ್ಲ. ಜಾತಿಯವರು ಹೇಳುವ ಕರ್ಮ ನೋವುಂಡವನ ಕಡೆ ಬೆರಳು ತೋರಿಸಿ ಅಲ್ಲಿಗೇ ಮುಗಿಯುತ್ತದೆ. ಕಾರಣದ ಹುಡುಕಾಟ ನೋವಿನಿಂದ ಶುರುವಾಗಿ ಅದನ್ನು ತಂದಿಟ್ಟ ಕೈಗಳ ತನಕ ಹೋಗುತ್ತದೆ. ಹಣೆಬರಹವನ್ನು ಅಳಿಸಲು ಬರುವುದಿಲ್ಲ. ಕಾರಣವನ್ನು ಕಿತ್ತುಹಾಕಲು ಬರುತ್ತದೆ.

ಈಗ ನಮ್ಮ ದೇಶಕ್ಕೆ ಬರೋಣ. 2023ರ ಜೂನ್ 2ರ ಸಂಜೆ ಒಡಿಶಾದ ಬಾಲೇಶ್ವರ ಜಿಲ್ಲೆಯ ಬಹಾನಗಾ ಬಜಾರ್ ಸ್ಟೇಷನ್ನು. ಚೆನ್ನೈ ಕಡೆ ಹೊರಟಿದ್ದ ಕೋರಮಂಡಲ್ ಎಕ್ಸ್‌ಪ್ರೆಸ್ಸಿಗೆ ಮೇನ್ ಲೈನಿನಲ್ಲಿ ನೇರ ಹೋಗು ಅಂತ ಹಸಿರು ಸಿಕ್ಕಿತ್ತು. ಪಾಯಿಂಟು ಮಾತ್ರ ಲೂಪ್ ಲೈನಿಗೆ ತಿರುಗಿತ್ತು. ಪೂರಾ ವೇಗದಲ್ಲಿದ್ದ ರೈಲು ಲೂಪಿನಲ್ಲಿ ನಿಂತಿದ್ದ ಗೂಡ್ಸಿಗೆ ಹೊಡೆಯಿತು. ಸಿಡಿದ ಡಬ್ಬಿಗಳು ಪಕ್ಕದಲ್ಲಿ ದಾಟುತ್ತಿದ್ದ ಬೆಂಗಳೂರು–ಹೌರಾ ರೈಲಿನ ಹಿಂಭಾಗಕ್ಕೆ ಬಡಿದವು. 290ಕ್ಕೂ ಹೆಚ್ಚು ಜನ ಸತ್ತರು. ಸಿಗ್ನಲ್ ಸರ್ಕ್ಯೂಟಿನಲ್ಲಿ ಹಿಂದೆ ಮಾಡಿದ್ದ ಬದಲಾವಣೆಯ ಲೋಪ, ಮತ್ತು ಲೆವೆಲ್ ಕ್ರಾಸಿಂಗಿನ ಗೇಟು ಬದಲಾಯಿಸುವ ಕೆಲಸದ ಲೋಪ, ಇವೇ ಕಾರಣ ಅಂತ ತನಿಖೆ ಹೇಳಿತು. ಮತ್ತೆ ತಂತಿ. ಮತ್ತೆ ಎಣಿಸದ, ಸರಿಯಾಗಿ ಗುರುತು ಹಾಕದ ತಂತಿ.

ಇದಕ್ಕೆ ನಾಲ್ಕು ತಿಂಗಳ ಹಿಂದೆ, 2023ರ ಫೆಬ್ರವರಿ 8ರಂದು, ನಮ್ಮ ಚಿತ್ರದುರ್ಗ ಜಿಲ್ಲೆಯ ಹೊಸದುರ್ಗ ರೋಡ್ ಸ್ಟೇಷನ್ನಿನಲ್ಲಿ ಸಂಪರ್ಕ ಕ್ರಾಂತಿ ಎಕ್ಸ್‌ಪ್ರೆಸ್ಸಿಗೂ ಹೆಚ್ಚುಕಮ್ಮಿ ಇದೇ ಆಗಿತ್ತು. ಸಿಗ್ನಲ್ ಹೇಳಿದ ದಾರಿ ಒಂದು, ಪಾಯಿಂಟು ತಿರುಗಿದ್ದ ದಾರಿ ಇನ್ನೊಂದು. ಚಾಲಕ ಕಣ್ಣಿಟ್ಟು ನೋಡಿ ರೈಲು ನಿಲ್ಲಿಸಿದ್ದರಿಂದ ನೂರಾರು ಜೀವ ಉಳಿಯಿತು. ವ್ಯವಸ್ಥೆಯಲ್ಲೇ ಗಂಭೀರ ದೋಷವಿದೆ, ತಕ್ಷಣ ಸರಿಪಡಿಸದಿದ್ದರೆ ದೊಡ್ಡ ಅಪಘಾತ ಆದೀತು ಅಂತ ನೈರುತ್ಯ ರೈಲ್ವೆಯ ಹಿರಿಯ ಅಧಿಕಾರಿಯೊಬ್ಬರು ಮರುದಿನವೇ ಪತ್ರ ಬರೆದರು. 2022ರ ಮೇ ತಿಂಗಳಲ್ಲಿ, ಬಹಾನಗಾ ಸೇರಿರುವ ಖರಗ್‌ಪುರ ವಿಭಾಗದಲ್ಲೇ ತಪ್ಪು ತಂತಿಯ ಇನ್ನೊಂದು ಘಟನೆ ನಡೆದಿತ್ತು. ಹಳಿ ಎರಡು ಸಲ ಕೂಗಿ ಹೇಳಿತು. ಮೂರನೆಯ ಸಲ ಹೆಣಗಳ ಲೆಕ್ಕ ಕೊಟ್ಟಿತು. 2023ರ ಜುಲೈನಲ್ಲಿ ಸಿಬಿಐ ರೈಲ್ವೆಯ ಮೂವರು ನೌಕರರನ್ನು ಬಂಧಿಸಿತು. ಅವರ ತಪ್ಪು ಒಪ್ಪುಗಳನ್ನು ನ್ಯಾಯಾಲಯ ನೋಡಲಿ. ನನ್ನ ಪ್ರಶ್ನೆ ಆ ಮೂವರ ಮೇಲಿನ ಮೆಟ್ಟಿಲುಗಳದ್ದು.

ಬಹಾನಗಾದಲ್ಲಿ ಸತ್ತವರು ಯಾರು? ಬಹಳ ಜನ ಕೂಲಿ ಹುಡುಕಿಕೊಂಡು ದಕ್ಷಿಣಕ್ಕೆ ಹೊರಟಿದ್ದವರು. ಕೋರಮಂಡಲ್ ರೈಲಿನ ಮುಂಭಾಗದಲ್ಲಿ ಜನರಲ್ ಡಬ್ಬಿಗಳಿದ್ದವು. ಜನರಲ್ ಡಬ್ಬಿಯ ಟಿಕೆಟ್ಟಿನ ಮೇಲೆ ಹೆಸರಿರುವುದಿಲ್ಲ. ಹೆಸರಿಲ್ಲದೆ ಹತ್ತಿದವರು ಹೆಸರಿಲ್ಲದೆ ಸತ್ತರು. ನಾಲ್ಕು ತಿಂಗಳಾದರೂ ಯಾರೂ ಬಂದು ಗುರುತಿಸದ 28 ದೇಹಗಳನ್ನು 2023ರ ಅಕ್ಟೋಬರಿನಲ್ಲಿ ಭುವನೇಶ್ವರದಲ್ಲಿ ಸುಡಲಾಯಿತು.

ಹಸಿರು ದೀಪ ಮೇನ್ ಲೈನು ಅಂದಿತು, ಹಳಿ ಲೂಪಿಗೆ ಒಯ್ದಿತು. ಈ ಚಿತ್ರ ನನ್ನನ್ನು ಬಿಡುತ್ತಿಲ್ಲ. 1950ರ ಜನವರಿ 26ರಂದು ನಮಗೂ ಒಂದು ಹಸಿರು ದೀಪ ಸಿಕ್ಕಿತು. ಸಂವಿಧಾನದ 17ನೆಯ ವಿಧಿ ಅಸ್ಪೃಶ್ಯತೆ ಹೋಯಿತು ಅಂದಿತು. 1955ರಲ್ಲಿ ಒಂದು ಕಾನೂನು ಬಂತು, 1989ರಲ್ಲಿ ದೌರ್ಜನ್ಯ ತಡೆಯುವ ಇನ್ನೊಂದು ಬಂತು. ದೀಪಗಳೆಲ್ಲ ಹಸಿರು. ಪಾಯಿಂಟು ಮಾತ್ರ ಊರಾಚೆಯ ಕೇರಿಗೇ ತಿರುಗಿ ನಿಂತಿದೆ. ಜಮೀನು ತಿರುಗಲಿಲ್ಲ, ಬಾವಿ ತಿರುಗಲಿಲ್ಲ, ದೇವಸ್ಥಾನದ ಬಾಗಿಲು ತಿರುಗಲಿಲ್ಲ. ಹಸಿರನ್ನು ನಂಬಿ ವೇಗವಾಗಿ ಹೊರಟ ನಮ್ಮ ಓದಿದ ಹುಡುಗರೇ ಮೊದಲು ಗುದ್ದಿಕೊಳ್ಳುತ್ತಾರೆ. ಕೆಂಪು ದೀಪದ ಮುಂದೆ ನಿಂತವನಿಗೆ ತಾನು ನಿಂತಿದ್ದೇನೆ ಅಂತ ಗೊತ್ತಿರುತ್ತದೆ. ಸುಳ್ಳು ಹಸಿರು ಕೆಂಪಿಗಿಂತ ಕ್ರೂರ.

2000ದ ಮಾರ್ಚ್ 11ರಂದು ಆಗಿನ ಕೋಲಾರ ಜಿಲ್ಲೆಯ ಕಂಬಾಲಪಲ್ಲಿಯಲ್ಲಿ ಏಳು ಜನ ದಲಿತರನ್ನು ಸುಟ್ಟು ಕೊಂದರು. ಕೇಸು ನಡೆಯಿತು. ಸಾಕ್ಷಿಗಳು ತಿರುಗಿ ಬಿದ್ದರು. 2006ರಲ್ಲಿ ಆರೋಪಿಗಳೆಲ್ಲ ಬಿಡುಗಡೆಯಾದರು. 2014ರಲ್ಲಿ ಹೈಕೋರ್ಟೂ ಅದನ್ನೇ ಎತ್ತಿ ಹಿಡಿಯಿತು. ಇಲ್ಲಿ ಒಂದು ಮಾತನ್ನು ನ್ಯಾಯವಾಗಿ ಹೇಳಬೇಕು. ಸಂಶಯದ ಲಾಭ ಆರೋಪಿಗೆ ಅನ್ನುವ ನಿಯಮವೂ ಒಂದು ಫೇಲ್ ಸೇಫೇ. ಅಮಾಯಕನೊಬ್ಬ ಗಲ್ಲಿಗೆ ಹೋಗದ ಹಾಗೆ ಕಟ್ಟಿದ ಬೀಗ ಅದು. ಸುಳ್ಳು ಕೇಸಿನಲ್ಲಿ ಜೈಲಿಗೆ ಹೋಗುವ ನಮ್ಮ ಹುಡುಗರಿಗೂ ಅದು ಬೇಕು. ಅದನ್ನು ಮುರಿಯಿರಿ ಅಂತ ನಾನು ಹೇಳಲಾರೆ. ಆದರೆ ಆ ಬೀಗದ ಜೊತೆ ಇನ್ನೊಂದು ಬೀಗ ಇರಬೇಕಿತ್ತು. ಕೂಲಿಗೆ ಅದೇ ಊರಿನ ಜಮೀನನ್ನೇ ನೆಚ್ಚಬೇಕಾದವನು, ಅದೇ ದಾರಿಯಲ್ಲಿ ಓಡಾಡಬೇಕಾದವನು ಕೋರ್ಟಿನಲ್ಲಿ ನಿಂತು ಒಡೆಯರ ಕಡೆ ಕೈ ತೋರಿಸಬೇಕಾದರೆ ಅವನ ಜೀವಕ್ಕೂ ಅನ್ನಕ್ಕೂ ಮೊದಲೇ ಭದ್ರತೆ ಇರಬೇಕಿತ್ತು. ಪಾಯಿಂಟು ಕೂರಿಸದೆ ಸಿಗ್ನಲ್ ಕೊಟ್ಟರು. ವ್ಯವಸ್ಥೆ ಕೆಟ್ಟಿತು, ಕೆಟ್ಟಾಗ ಬಿದ್ದದ್ದು ಸುಟ್ಟವರ ಮೇಲಲ್ಲ, ಸುಟ್ಟುಹೋದವರ ಮೇಲೆ.

ಇನ್ನೊಂದು ಪ್ರಶ್ನೆ ಉಳಿದಿದೆ. ಆ ಸಿಗ್ನಲ್ ಯಾರಿಗಾಗಿ?

2020ರ ಮೇ 8ರ ಬೆಳಗಿನ ಜಾವ ಮಹಾರಾಷ್ಟ್ರದ ಔರಂಗಾಬಾದ್ ಹತ್ತಿರದ ಕರ್ಮಾಡ್ ಬಳಿ ಹಳಿಯ ಮೇಲೆ ಮಲಗಿದ್ದ 16 ಜನ ಕೂಲಿಗಳ ಮೇಲೆ ಗೂಡ್ಸ್ ರೈಲು ಹರಿಯಿತು. ಮಧ್ಯಪ್ರದೇಶದವರು, ಹಲವರು ಆದಿವಾಸಿಗಳು. ಲಾಕ್‌ಡೌನಿನಲ್ಲಿ ಕೆಲಸ ನಿಂತು, ಊರಿಗೆ ಹೋಗಲು ದಾರಿಯಿಲ್ಲದೆ, ಜಾಲ್ನಾದಿಂದ ಹಳಿ ಹಿಡಿದು ನಡೆದು ಬಂದಿದ್ದರು. ಅವರು ಕಟ್ಟಿಕೊಂಡು ಬಂದಿದ್ದ ರೊಟ್ಟಿ ಜಲ್ಲಿಯ ಮೇಲೆ ಚೆಲ್ಲಿತ್ತು. ಮೇಲೆ ಹೇಳಿದ ಟ್ರ್ಯಾಕ್ ಸರ್ಕ್ಯೂಟನ್ನು ನೆನಪಿಸಿಕೊಳ್ಳಿ. ಕಬ್ಬಿಣದ ಗಾಲಿ ಹಳಿ ಮುಟ್ಟಿದರೆ ಸಿಗ್ನಲ್ ಕೆಂಪಾಗುತ್ತದೆ. ಮನುಷ್ಯ ತಲೆಯಿಟ್ಟು ಮಲಗಿದರೆ ಆಗುವುದಿಲ್ಲ. ಹದಿನಾರು ತಲೆ ಇಟ್ಟರೂ ಆಗುವುದಿಲ್ಲ. ಸಿಗ್ನಲ್ಲಿಗೆ ರೈಲು ಗೊತ್ತು, ಮನುಷ್ಯ ಗೊತ್ತಿಲ್ಲ. ಇದು ಯಂತ್ರದ ದೋಷವಲ್ಲ. ಅದನ್ನು ಕಟ್ಟಿದ್ದೇ ರೈಲು ರೈಲಿಗೆ ಗುದ್ದದಿರಲಿ ಅಂತ. ಆದರೆ ಆ ಹದಿನಾರು ಜನ ಹಳಿಯ ಮೇಲೆ ಮಲಗುವ ಹಾಗೆ ಮಾಡಿದ ಇಡೀ ಸರಪಳಿಯಲ್ಲಿ, ಕೂಲಿ ನಿಂತಾಗ, ಬಸ್ಸು ನಿಂತಾಗ, ರೇಷನ್ ಸಿಗದಾಗ, ಎಲ್ಲಿಯಾದರೂ ಒಂದು ಕಡೆ ಕೆಂಪು ದೀಪ ಹತ್ತಬೇಕಾಗಿತ್ತಲ್ಲ? ಹತ್ತಲಿಲ್ಲ.

2012ರಲ್ಲಿ ಅನಿಲ್ ಕಾಕೋಡ್ಕರ್ ಸಮಿತಿ ರೈಲ್ವೆ ಸುರಕ್ಷತೆಯ ಬಗ್ಗೆ ವರದಿ ಕೊಟ್ಟಿತು. ಹಳಿ ದಾಟುವಾಗ ವರ್ಷಕ್ಕೆ ಸುಮಾರು 15,000 ಜನ ಸಾಯುತ್ತಾರೆ, ಅದರಲ್ಲಿ ಸುಮಾರು 6,000 ಮುಂಬೈ ಲೋಕಲ್ ಹಳಿಗಳಲ್ಲೇ ಅಂತ ಅದರಲ್ಲಿದೆ. ಇವರು ರೈಲು ಅಪಘಾತದ ಲೆಕ್ಕದಲ್ಲಿ ಬರುವುದಿಲ್ಲ. ಅತಿಕ್ರಮ ಪ್ರವೇಶ ಮಾಡಿದವರು ಅಂತ ಅವರ ಹೆಸರು. ಗುಡಿಸಲು ಹಳಿಯ ಈ ಕಡೆ, ಕೆಲಸ ಆ ಕಡೆ, ನಡುವೆ ಮೇಲ್ಸೇತುವೆ ಇಲ್ಲ. ದಾಟಿದವನು ಅಪರಾಧಿ, ಸೇತುವೆ ಕಟ್ಟದವನು ಸಾಹೇಬ.

ಸುರಕ್ಷತಾ ಸಲಹೆಗಾರರು ಇಲ್ಲೊಂದು ತಕ್ಕಡಿ ಹಿಡಿದು ಬರುತ್ತಾರೆ. 1949ರಲ್ಲಿ ಇಂಗ್ಲೆಂಡಿನ ನ್ಯಾಯಾಲಯವೊಂದು, ಕಲ್ಲಿದ್ದಲ ಗಣಿಯಲ್ಲಿ ಸತ್ತ ಎಡ್ವರ್ಡ್ಸ್ ಎಂಬ ಕೆಲಸಗಾರನ ಮೊಕದ್ದಮೆಯಲ್ಲಿ, ಅಪಾಯವನ್ನು ಒಂದು ತಟ್ಟೆಯಲ್ಲೂ ಅದನ್ನು ತಪ್ಪಿಸುವ ಖರ್ಚು ಶ್ರಮಗಳನ್ನು ಇನ್ನೊಂದರಲ್ಲೂ ಇಟ್ಟು ತೂಗಬೇಕು, ಖರ್ಚು ಅಪಾಯಕ್ಕಿಂತ ವಿಪರೀತ ಹೆಚ್ಚಾದರೆ ಮಾತ್ರ ಮಾಲೀಕ ಬಿಡಬಹುದು ಅಂತ ಹೇಳಿತು. ಆ ಕಸುಬಿನ ಲೆಕ್ಕವೆಲ್ಲ ಇದರ ಮೇಲೆ ನಿಂತಿದೆ. ಲೆಕ್ಕವೇ ತಪ್ಪು ಅಂತ ನಾನು ಹೇಳಲಾರೆ. ಕೈಯಲ್ಲಿರುವ ದುಡ್ಡು ಮಿತವಾಗಿರುವಾಗ ಎಲ್ಲಿ ಹಾಕಿದರೆ ಹೆಚ್ಚು ಜೀವ ಉಳಿಯುತ್ತದೆ ಅಂತ ಎಣಿಸಲೇಬೇಕು. ಆದರೆ ತಕ್ಕಡಿ ಹಿಡಿದ ಕೈ ಯಾರದು ಅಂತ ಕೇಳಲೇಬೇಕು. ಕ್ಲಾಪಮ್ ಆದ ಮೇಲೆ, ಚಾಲಕ ಕೆಂಪು ದಾಟಿದರೂ ರೈಲನ್ನು ತಾನಾಗಿ ನಿಲ್ಲಿಸುವ ಯಂತ್ರವನ್ನು ದೇಶಕ್ಕೆಲ್ಲ ಹಾಕಿ ಅಂತ ಹಿಡನ್ ವರದಿ ಹೇಳಿತ್ತು. 1995ರಲ್ಲಿ ಬ್ರಿಟಿಷ್ ಸರ್ಕಾರ ಖರ್ಚಿನ ಲೆಕ್ಕ ನೋಡಿ ಬೇಡ ಅಂದಿತು. 1997ರಲ್ಲಿ ಸೌತಾಲ್‌ನಲ್ಲಿ 7 ಜನ, 1999ರಲ್ಲಿ ಲ್ಯಾಡ್‌ಬ್ರೋಕ್ ಗ್ರೋವ್‌ನಲ್ಲಿ 31 ಜನ ಸತ್ತರು; ಎರಡೂ ಕಡೆ ರೈಲು ಕೆಂಪು ದಾಟಿತ್ತು. ಲ್ಯಾಡ್‌ಬ್ರೋಕ್ ಗ್ರೋವ್‌ನ ಆ ಒಂದು ಸಿಗ್ನಲ್ಲನ್ನು ಅದಕ್ಕೆ ಮೊದಲೇ ಎಂಟು ಸಲ ಚಾಲಕರು ದಾಟಿದ್ದರು. ಎಂಟು ಜನ ಎಡವಿದ ಕಲ್ಲನ್ನು ತೆಗೆಯದೆ ಒಂಬತ್ತನೆಯವನಿಗೆ ಕಣ್ಣು ಕಾಣಲಿಲ್ಲವೇ ಅಂತ ಕೇಳುವುದು ಯಾವ ನ್ಯಾಯ?

ನಮ್ಮಲ್ಲಿ ತಕ್ಕಡಿ ಇನ್ನೂ ಸರಳ. ಜೀವದ ಬೆಲೆಯನ್ನು ಸಾಯುವ ಮೊದಲು ಕಟ್ಟುವುದೇ ಇಲ್ಲ, ಸತ್ತ ಮೇಲೆ ಕಟ್ಟುತ್ತೇವೆ. 1993ರಿಂದ ಮಲದ ಗುಂಡಿ, ಚರಂಡಿಗಳಲ್ಲಿ ಸತ್ತವರ ಮನೆಯವರಿಗೆ 10 ಲಕ್ಷ ಕೊಡಿ ಅಂತ 2014ರಲ್ಲಿ ಸುಪ್ರೀಂ ಕೋರ್ಟು ಹೇಳಿತು. ಅದು ಬಂದದ್ದು ನಮ್ಮ ಕೆಜಿಎಫ್‌ನಲ್ಲಿ ಹುಟ್ಟಿದ ಬೆಜವಾಡ ವಿಲ್ಸನ್ ಮತ್ತು ಸಂಗಾತಿಗಳು ಕಟ್ಟಿದ ಸಫಾಯಿ ಕರ್ಮಚಾರಿ ಆಂದೋಲನದ ಹೋರಾಟದಿಂದ. 2023ರಲ್ಲಿ ಕೋರ್ಟು ಅದನ್ನು 30 ಲಕ್ಷ ಮಾಡಿತು. ಮಲ ಬಳಿಸುವುದನ್ನು ನಿಷೇಧಿಸಿದ 2013ರ ಕಾನೂನಿನ ವ್ಯಾಖ್ಯೆಯಲ್ಲಿ ರೈಲು ಹಳಿಯ ಹೆಸರೂ ಇದೆ. ಅದರ ಜೊತೆಗೇ, ಸರ್ಕಾರ ಹೇಳಿದ ಸಲಕರಣೆ, ಗ್ಲೌಸು ಕೊಟ್ಟರೆ ಆ ಕೆಲಸ ಮಾಡುವವನನ್ನು ಮಲ ಬಳಿಯುವವನು ಅಂತ ಕರೆಯುವ ಹಾಗಿಲ್ಲ ಅನ್ನುವ ಕಿಂಡಿಯೂ ಇದೆ. ರೈಲಿನ ಪಾಯಿಖಾನೆ ಹಳಿಗೆ ಸುರಿಯದ ಹಾಗೆ ಬಯೋ ಟಾಯ್ಲೆಟ್ಟು ಬಂದದ್ದು ತೀರಾ ಈಚೆಗೆ. ಸಿಗ್ನಲ್ಲಿಗೆ ಇಂಟರ್‌ಲಾಕಿಂಗ್ ಹುಡುಕಿದ್ದು 1856ರಲ್ಲಿ. ಮನುಷ್ಯನ ಮಲ ಮನುಷ್ಯ ಬಳಿಯದ ಹಾಗೆ ಮಾಡಲು ಅದಕ್ಕಿಂತ ದೊಡ್ಡ ವಿಜ್ಞಾನ ಬೇಕಾಗಿರಲಿಲ್ಲ. ಬಳಿಯುವ ಜಾತಿ ಅಗ್ಗಕ್ಕೆ ಸಿಗುತ್ತಿತ್ತು, ಅಷ್ಟೆ.

ಹಾಗಾದರೆ ನಾವು ಮಾಡಬೇಕಾದದ್ದೇನು? ಹಳ್ಳಿಯ ಮೇಷ್ಟರು, ಸಂಘಟನೆಯ ಗೆಳೆಯರು, ಹಾಸ್ಟೆಲಿನ ವಿದ್ಯಾರ್ಥಿಗಳು ಯಾವ ವ್ಯವಸ್ಥೆಯ ಮುಂದೆ ನಿಂತಾಗಲೂ ಮೂರು ಪ್ರಶ್ನೆ ಕೇಳಬೇಕು. ಒಂದು, ಇದು ಕೆಟ್ಟಾಗ ಯಾರ ಕಡೆಗೆ ಬೀಳುತ್ತದೆ? ಸಾಲದ ಲೆಕ್ಕ ತಪ್ಪಿದರೆ ಯಾವಾಗಲೂ ಸಾಲಗಾರನ ಮೇಲೇ ಯಾಕೆ ತಪ್ಪುತ್ತದೆ? ರೇಷನ್ ಅಂಗಡಿಯ ಯಂತ್ರಕ್ಕೆ ಮುದುಕಿಯ ಬೆರಳು ಹತ್ತದಿದ್ದರೆ ಅಕ್ಕಿ ಕೊಟ್ಟು ಆಮೇಲೆ ವಿಚಾರಿಸುತ್ತಾರೋ, ಅಕ್ಕಿ ನಿಲ್ಲಿಸಿ ಆಮೇಲೆ ವಿಚಾರಿಸುತ್ತಾರೋ? ಎರಡು, ಮೇಲಿನವನ ಕೆಲಸವನ್ನು ಎಣಿಸುವವರು ಯಾರು? ಮೂರು, ಅಪಾಯ ಕಂಡಾಗ ನಿಲ್ಲಿಸುವ ಅಧಿಕಾರ ಯಾರಿಗಿದೆ?

ಈ ಮೂರನೆಯದನ್ನು ರೈಲ್ವೆಯಿಂದ ಕಲಿಯಬೇಕು. ಹಳಿ ಮುರಿದದ್ದು ಕಂಡರೆ ಗ್ಯಾಂಗ್‌ಮನ್ ಯಾರ ಅಪ್ಪಣೆಗೂ ಕಾಯಬೇಕಾಗಿಲ್ಲ. ಹಳಿಗೆ ಪಟಾಕಿ ಕಟ್ಟಿ, ಕೆಂಪು ಬಾವುಟ ಹಿಡಿದು ರೈಲಿಗೆ ಎದುರಾಗಿ ಓಡಬೇಕು. ಅದು ಅವನ ಹಕ್ಕೂ ಹೌದು, ಕರ್ತವ್ಯವೂ ಹೌದು. ಬರುವುದು ರಾಜಧಾನಿ ಎಕ್ಸ್‌ಪ್ರೆಸ್ಸೇ ಇರಲಿ, ಒಳಗೆ ಮಂತ್ರಿಯೇ ಕೂತಿರಲಿ, ಆ ಬಾವುಟ ಕಂಡರೆ ಚಾಲಕ ನಿಲ್ಲಿಸಲೇಬೇಕು. ಯಾಕಂದರೆ ಹಳಿಯ ಬಿರುಕು ಮೊದಲು ಕಾಣುವುದು ಹಳಿಯ ಮೇಲೆ ನಡೆಯುವವನಿಗೆ. ಸಲೂನಿನಲ್ಲಿ ಕೂತವನಿಗೆ ಕಾಣುವುದಿಲ್ಲ. ರೈಲ್ವೆಯಲ್ಲೂ ಗ್ಯಾಂಗ್‌ಮನ್‌ಗೆ ಆ ಬಾವುಟ ಕೊಟ್ಟವರು ಅವನಿಗೆ ತಕ್ಕ ಸಂಬಳ, ಮನೆ, ಹಳಿಯ ಮೇಲೆ ಜೀವ ಉಳಿಯುವ ಭರವಸೆ ಕೊಟ್ಟರೆ ಅಂದರೆ ಇಲ್ಲ. ಆ ಅಸಮಾನತೆ ಅಲ್ಲಿ ಹಾಗೇ ಇದೆ. ಆದರೂ ಆ ಒಂದು ಗಳಿಗೆಯಲ್ಲಿ ಕಟ್ಟಕಡೆಯವನ ಮಾತು ಇಡೀ ರೈಲನ್ನು ನಿಲ್ಲಿಸುತ್ತದೆ ಅನ್ನುವುದು ಸಣ್ಣದಲ್ಲ.

ಈ ದೇಶದ ಹಳಿಯ ಮೇಲೆ ಬರಿಗಾಲಲ್ಲಿ ನಡೆದವರು ನಾವು. ಬಿರುಕು ಎಲ್ಲಿದೆ ಅಂತ ನಮಗೆ ಗೊತ್ತು. ಜಾತಿ ಹೋಯಿತು, ದೇಶ ಮುಂದೆ ಹೋಗುತ್ತಿದೆ, ಸುಮ್ಮನೆ ಅಡ್ಡ ಬರಬೇಡಿ ಅಂತ ಡಬ್ಬಿಯೊಳಗೆ ಕೂತವರು ನಮಗೆ ಹೇಳುತ್ತಾರೆ. ನಾವು ಅಡ್ಡ ಬರುವುದು ರೈಲು ಉರುಳಲಿ ಅಂತ ಅಲ್ಲ. ಒಳಗೆ ನಮ್ಮವರೂ ಇದ್ದಾರೆ, ಅದೂ ಮುಂದಿನ ಜನರಲ್ ಡಬ್ಬಿಯಲ್ಲಿ. ಮೊದಲು ಸಾಯುವವರು ಅವರೇ. ಅದಕ್ಕೇ ಬಾವುಟ ಹಿಡಿದಿದ್ದೇವೆ. ಬಿರುಕು ಸರಿಯಾಗುವ ತನಕ ಇಳಿಸುವುದಿಲ್ಲ.